ಹಗಲು ನಕ್ಷತ್ರ

ಕಳೆದ ಜೂನಿನಲ್ಲಿ ಅಣ್ಣನ ಮಗಳು ಪಾಠ ಉರು ಹೊಡೆಯುತ್ತಿದ್ದಳು: ‘ಸ್ವಂತ ಬೆಳಕುಳ್ಳ ಆಕಾಶಕಾಯವೇ ನಕ್ಷತ್ರ. ಸೂರ್ಯ ಒಂದು ನಕ್ಷತ್ರ.’ ಅವಳ ತಲೆಯ ಮೇಲಿನ ಕ್ಯಾಲೆಂಡರಿನಲ್ಲಿ, 22ರ ಚೌಕದೊಳಗೆ ‘ಆರಿದ್ರ ಮಳೆ ಆರಂಭ’ ಎಂದಿತ್ತು. ಅಡುಗೆಮನೆಯಲ್ಲಿ ಅಮ್ಮ ಫೋನು ಹಿಡಿದು, ‘ಹುಡುಗನ ನಕ್ಷತ್ರ ಯಾವುದಂತೆ?’ ಎಂದು ಯಾರನ್ನೋ ವಿಚಾರಿಸುತ್ತಿದ್ದಳು. ಹುಡುಗಿ ಪುಸ್ತಕ ಮಡಚಿ, ‘ಇದರಲ್ಲಿ ಯಾವುದು ಸರಿ?’ ಎಂದಳು.

ಮೂರೂ ಸರಿ. ತಾಪತ್ರಯವೇ ಅದು.

ಅಮ್ಮ ಕೇಳಿದ್ದು ಚಂದ್ರನ ವಿಳಾಸ. ಚಂದ್ರ ಆಕಾಶದಲ್ಲಿ ಒಂದು ಸುತ್ತು ಬಂದು ಅದೇ ಚುಕ್ಕಿಯ ಬಳಿ ನಿಲ್ಲಲು ಸುಮಾರು 27.3 ದಿನ ಹಿಡಿಯುತ್ತದೆ. ಹಾಗಾಗಿ ಅವನ ಹಾದಿಗೆ 27 ತಂಗುದಾಣ ಮಾಡಿ, ಒಂದೊಂದಕ್ಕೂ ಒಂದು ಹೆಸರಿಟ್ಟರು. ‘ನನ್ನದು ರೋಹಿಣಿ’ ಎಂದು ಅರ್ಚಕರಿಗೆ ಹೇಳುವವರು ಹುಟ್ಟಿದ ಗಳಿಗೆಯಲ್ಲಿ ಚಂದ್ರ ಯಾವ ತಂಗುದಾಣದಲ್ಲಿದ್ದ ಎಂದು ಹೇಳುತ್ತಿರುತ್ತಾರೆ, ಅಷ್ಟೆ. ಆ ರೋಹಿಣಿಯನ್ನು ಆಕಾಶದಲ್ಲಿ ತೋರಿಸಿ ಎಂದರೆ ನೂರಕ್ಕೆ ತೊಂಬತ್ತು ಮಂದಿ ಪಂಚಾಂಗ ಹುಡುಕುತ್ತಾರೆ. ನಾನೂ ಬಹಳ ಕಾಲ ಆ ತೊಂಬತ್ತರಲ್ಲೇ ಇದ್ದೆ.

ಕ್ಯಾಲೆಂಡರಿನದು ಸೂರ್ಯನ ಲೆಕ್ಕ. ಅದೇ 27 ತಂಗುದಾಣಗಳನ್ನು ಸೂರ್ಯ ದಾಟುವುದಕ್ಕೆ ಒಂದು ವರ್ಷ ಬೇಕು. ಒಂದೊಂದರಲ್ಲಿ ಹದಿಮೂರೂವರೆ ದಿನದ ಬಿಡಾರ. ಊರಿನಲ್ಲಿ ಇದನ್ನು ಯಾರೂ ಸೂರ್ಯನ ಸಂಚಾರ ಎನ್ನುವುದಿಲ್ಲ, ಮಳೆ ಎನ್ನುತ್ತಾರೆ. ಹಳೇ ಮೈಸೂರಿನವರಿಗೆ ಮಳೆ ‘ಹುಟ್ಟುತ್ತದೆ’, ಉತ್ತರ ಕರ್ನಾಟಕದವರಿಗೆ ‘ಕೂಡುತ್ತದೆ’. ಮೃಗಶಿರ ಅಲ್ಲಿ ಮಿರಗ, ರೋಹಿಣಿ ರೋಣಿ. ಒಂದು ಹನಿ ಬೀಳದಿದ್ದರೂ ಮಳೆ ಕೂಡಿರುತ್ತದೆ. ‘ರೋಣಿ ಮಳಿ ಪೂರಾ ಒಣಗಿ ಹೋತು’ ಎಂಬ ಮಾತು ಅಲ್ಲಿ ಯಾರ ಕಿವಿಗೂ ವಿಚಿತ್ರವಾಗಿ ಕೇಳಿಸದು.

ಆರ್ದ್ರಾ ಎಂದರೆ ಒದ್ದೆ. ಕನ್ನಡದ ನಾಲಿಗೆಗೆ ಆ ಒತ್ತಕ್ಷರ ಒಗ್ಗದೆ ಆರಿದ್ರವಾಯಿತು. ಆರಿದ್ರವಾದದ್ದೇ ತಡ, ದರಿದ್ರಕ್ಕೆ ಪ್ರಾಸವೂ ಸಿಕ್ಕಿತು: ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ.’ ಮಳೆ ಬಂದರೆ ಬದುಕು, ಬಾರದಿದ್ದರೆ ಸಾಲ. ಶುದ್ಧ ಉಚ್ಚಾರಣೆಯ ಪಂಡಿತನಿಗೆ ಈ ಗಾದೆ ಹೊಳೆಯುತ್ತಲೇ ಇರಲಿಲ್ಲ. ಸಾಲ ಎಂದಾಗ ನೆನಪಾಯಿತು, ಹರಿಶ್ಚಂದ್ರನ ಬೆನ್ನು ಬಿದ್ದು ಸಾಲ ವಸೂಲಿಗೆ ನಿಂತವನ ಹೆಸರು ನಕ್ಷತ್ರಿಕ. ಇಂದಿಗೂ ಬಿಡದೆ ಪೀಡಿಸುವವನಿಗೆ ನಮ್ಮಲ್ಲಿ ಅದೇ ಬಿರುದು.

ಇನ್ನು ಹುಡುಗಿಗೆ ಹೇಳಲೇಬೇಕಾಗಿದ್ದ ವಿಷಯ. ಆರಿದ್ರ ಮಳೆಯ ಕಾಲದಲ್ಲಿ ಆರಿದ್ರ ನಕ್ಷತ್ರ ಕಾಣುವುದಿಲ್ಲ. ಮೋಡ ಮುಚ್ಚಿದ್ದಕ್ಕಲ್ಲ; ಮೋಡ ಹರಿದರೂ ಕಾಣದು. ಸೂರ್ಯ ಆ ದಿಕ್ಕಿನಲ್ಲೇ ಇರುವುದರಿಂದ ಆ ಚುಕ್ಕಿ ಅವನೊಡನೆ ಮೂಡಿ, ಅವನೊಡನೆ ಮುಳುಗಿ, ಇಡೀ ದಿನ ಅವನ ಬೆಳಕಿನಲ್ಲಿ ಅಡಗಿರುತ್ತದೆ. ‘ಹಗಲಲ್ಲೇ ನಕ್ಷತ್ರ ತೋರಿಸ್ತೀನಿ’ ಎಂದು ಬೆದರಿಸುತ್ತಾರಲ್ಲ, ಮಳೆ ನಕ್ಷತ್ರಗಳ ಲೆಕ್ಕ ಇಟ್ಟವರು ಅದನ್ನು ಮಾಡಿಯೇ ಬಿಟ್ಟಿದ್ದರು. ನಸುಕಿನಲ್ಲಿ ಯಾವ ಚುಕ್ಕಿ ಮೂಡಿತು, ಮುಸ್ಸಂಜೆಯಲ್ಲಿ ಯಾವುದು ಮುಳುಗಿತು ಎಂದು ನೋಡುತ್ತಾ, ನಡುವೆ ಕಾಣದಿರುವುದರ ಮನೆಯಲ್ಲಿ ಸೂರ್ಯನಿದ್ದಾನೆ ಎಂದು ಲೆಕ್ಕ ಹಾಕಿದ್ದರು.

ಆ ಲೆಕ್ಕ ಮೆಲ್ಲಗೆ ಜಾರುತ್ತಲೂ ಇದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ತಲೆದೂಗುವುದರಿಂದ ಚುಕ್ಕಿಗಳ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಇಪ್ಪತ್ತು ನಿಮಿಷ ಏನು ಮಹಾ ಎನ್ನಬೇಡಿ. 70 ವರ್ಷಕ್ಕೆ ಒಂದು ದಿನ, ಸಾವಿರ ವರ್ಷಕ್ಕೆ ಎರಡು ವಾರ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಆರಿದ್ರ ಹುಟ್ಟುತ್ತಿದ್ದುದು, ಇಂದಿನ ಲೆಕ್ಕದಲ್ಲಿ, ಜೂನ್ ಎರಡನೇ ವಾರದಷ್ಟೊತ್ತಿಗೆ. ಈಗ ಅಲ್ಲಿ ಮಿರಗ ಕೂತಿದೆ. ಆರಿದ್ರದ ಮಳೆ ಮೊದಲಿನಂತಿಲ್ಲ ಎಂದು ಗೊಣಗುವ ಅಜ್ಜಂದಿರು ಇದನ್ನು ನೆಪ ಮಾಡಿಕೊಳ್ಳುವ ಹಾಗಿಲ್ಲ, ಒಬ್ಬರ ಆಯಸ್ಸಿಗೆ ಒಂದೇ ದಿನದ ಜಾರು. ಆದರೆ ಗಾದೆಗಳ ಆಯಸ್ಸು ಬೇರೆ.

ಸಂಕ್ರಾಂತಿ ಕಳೆದ ಒಂದು ರಾತ್ರಿ ಹುಡುಗಿಯನ್ನು ತಾರಸಿಗೆ ಕರೆದುಕೊಂಡು ಹೋದೆ. ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿ ಅವಳೇ ಹಿಡಿದಳು. ಅದರಾಚೆ, ಹೆಗಲಿನಲ್ಲಿ, ಕೆಂಡದ ಬಣ್ಣದ್ದು ಆರಿದ್ರ ಎಂದೆ. ಅದನ್ನು ತಂದು ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯನ್ನಷ್ಟೇ ಅಲ್ಲ, ಮಂಗಳನ ಕಕ್ಷೆಯನ್ನೂ ನುಂಗುತ್ತದೆ ಎಂದೂ ಹೇಳಿದೆ. ಅವಳು ಕತ್ತೆತ್ತಿ ಬಹಳ ಹೊತ್ತು ನೋಡಿದಳು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ‘ಒದ್ದೆಯಾಗಿರೋ ಹಾಗೆ ಕಾಣಲ್ವಲ್ಲ’ ಎಂದಳು.