ಕೂದಲಿನಲ್ಲಿ ಉಳಿದ ಚರಿತ್ರೆ

ದಕ್ಷಿಣ ಅಮೆರಿಕದ ಆಂಡಿಸ್ ಶ್ರೇಣಿಯಲ್ಲಿ, ಅರ್ಜೆಂಟೀನ–ಚಿಲಿ ಗಡಿಯಲ್ಲಿ, ಯುಯಾಯಾಕೊ ಎಂಬ ಜ್ವಾಲಾಮುಖಿಯಿದೆ. ಎತ್ತರ 6739 ಮೀಟರ್. 1999ರಲ್ಲಿ ಜೋಹಾನ್ ರೈನ್‌ಹಾರ್ಡ್ ಮತ್ತು ಕಾನ್‌ಸ್ಟಾನ್ಸಾ ಸೆರುಟಿ ಅವರ ತಂಡಕ್ಕೆ ಅದರ ಶಿಖರದ ಬಳಿ ಮೂವರು ಮಕ್ಕಳ ಶವಗಳು ದೊರೆತವು. ಹಿರಿಯಳಿಗೆ ಸುಮಾರು 13 ವರ್ಷ. ಉಳಿದ ಹುಡುಗ, ಹುಡುಗಿಗೆ 4–5 ವರ್ಷ. ಯಾವ ಲೇಪನವೂ ಇಲ್ಲದೆ, ಕೊರೆಯುವ ಚಳಿ ಮತ್ತು ಒಣ ಹವೆಯಿಂದಾಗಿ ಅವು ಸುಮಾರು 500 ವರ್ಷ ಕೆಡದೆ ಉಳಿದಿದ್ದವು.

ಈ ಮಕ್ಕಳು ಅಲ್ಲಿಗೇಕೆ ಬಂದರು? ಇಂಕಾ ಜನರಿಗೆ ಪರ್ವತಗಳು ದೇವತೆಗಳು. ಹೊಲಗಳಿಗೆ ಹರಿಯುವ ನೀರು ಬರುವುದು ಹಿಮಶಿಖರಗಳಿಂದಲೇ ಅಲ್ಲವೆ? ಅರಸ ಕಾಯಿಲೆ ಬಿದ್ದಾಗ, ಸತ್ತಾಗ ಅಥವಾ ವಿಪತ್ತು ಒದಗಿದಾಗ 'ಕಪಾಕೋಚ' ಎಂಬ ವಿಧಿಯಲ್ಲಿ ಆಯ್ದ ಮಕ್ಕಳನ್ನು ಅರ್ಪಿಸುತ್ತಿದ್ದರೆಂದು ಸ್ಪ್ಯಾನಿಷ್ ಬರಹಗಾರರು ದಾಖಲಿಸಿದ್ದಾರೆ. ಆದರೆ ಅವರು ಬರೆದದ್ದು ಸಾಮ್ರಾಜ್ಯ ಪತನವಾದ ಮೇಲೆ, ಇತರರಿಂದ ಕೇಳಿ. ಮಕ್ಕಳ ಕಡೆಯ ಸಾಕ್ಷ್ಯ ಸಿಕ್ಕಿದ್ದು ಅವರ ತಲೆಗೂದಲಿನಲ್ಲಿ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ಆಹಾರದ ಪರಮಾಣುಗಳನ್ನು ತನ್ನಲ್ಲಿ ಸೇರಿಸಿಕೊಳ್ಳುತ್ತದೆ. ಅನಂತರ ಅದು ಬದಲಾಗುವುದಿಲ್ಲ. ಆದ್ದರಿಂದ ಬುಡದಿಂದ ತುದಿಯತ್ತ ಅಳೆಯುತ್ತ ಹೋದರೆ ಕಾಲದಲ್ಲಿ ಹಿಂದಕ್ಕೆ ನಡೆದಂತೆ. ದ್ಯುತಿಸಂಶ್ಲೇಷಣೆಯ ವಿಧಾನ ಬೇರೆಯಾದ್ದರಿಂದ ಮೆಕ್ಕೆಜೋಳದಲ್ಲಿ ಕಾರ್ಬನ್-13ರ ಪಾಲು ಆಲೂಗಡ್ಡೆಯಲ್ಲಿರುವುದಕ್ಕಿಂತ ಹೆಚ್ಚು. ಮಾಂಸ ತಿಂದರೆ ನೈಟ್ರೊಜನ್-15ರ ಪಾಲು ಏರುತ್ತದೆ. ಈ ಸೂಕ್ಷ್ಮ ವ್ಯತ್ಯಾಸಗಳನ್ನು ಮಾಸ್ ಸ್ಪೆಕ್ಟ್ರೊಮೀಟರ್ ಅಳೆಯಬಲ್ಲದು.

ಆಂಡ್ರ್ಯೂ ವಿಲ್ಸನ್ ಮತ್ತು ಸಂಗಡಿಗರು 2007 ಮತ್ತು 2013ರಲ್ಲಿ ಪ್ರಕಟಿಸಿದ ಫಲಿತಾಂಶ ಗಮನಿಸಿ. ಸಾವಿಗೆ ಸುಮಾರು ಒಂದು ವರ್ಷ ಮೊದಲು ಹಿರಿಯ ಹುಡುಗಿಯ ಆಹಾರ ಥಟ್ಟನೆ ಬದಲಾಗಿತ್ತು. ಸಾಮಾನ್ಯರ ಊಟದ ಬದಲು ಮೆಕ್ಕೆಜೋಳ, ಮಾಂಸ. ಅಂದರೆ ಆಯ್ಕೆ ಆಗಲೇ ನಡೆದಿತ್ತು. ಕೋಕಾ ಎಲೆಯ ಸೇವನೆಯೂ ಆಗಿನಿಂದಲೇ ಏರಿ, ಸಾವಿಗೆ ಆರು ತಿಂಗಳ ಮುಂಚೆ ಅತ್ಯಧಿಕವಾಗಿತ್ತು. ಮದ್ಯದ ಸೇವನೆ ಅತಿ ಹೆಚ್ಚಾದದ್ದು ಕೊನೆಯ ವಾರಗಳಲ್ಲಿ. ಚಿಕ್ಕ ಮಕ್ಕಳಲ್ಲಿ ಇವೆರಡರ ಪ್ರಮಾಣವೂ ಕಡಿಮೆ. ಹಿರಿಯಳ ಬಾಯಲ್ಲಿ ಕೋಕಾ ಎಲೆ ಇನ್ನೂ ಇತ್ತು.

ಅದು ಅವಳಿಗೆ ಸಂದ ಗೌರವವೋ, ಭಯ ಮರೆಸುವ ಉಪಾಯವೋ? ಎರಡೂ ಇದ್ದಿರಬಹುದು. ಉಪಕರಣ ಪ್ರಮಾಣವನ್ನು ಹೇಳುತ್ತದೆ, ಉದ್ದೇಶವನ್ನಲ್ಲ. 2007ರಲ್ಲಿ ಸಾಲ್ಟಾ ನಗರದ ವಸ್ತುಸಂಗ್ರಹಾಲಯದಲ್ಲಿ ಶವಗಳ ಪ್ರದರ್ಶನ ಆರಂಭವಾದಾಗ ಅಲ್ಲಿನ ಮೂಲನಿವಾಸಿಗಳಲ್ಲಿ ಹಲವರು ಆಕ್ಷೇಪಿಸಿದರು. ಅವರಿಗೆ ಇವರು ಮಾದರಿಗಳಲ್ಲ, ಪೂರ್ವಜರು.

ತರಗತಿಯಲ್ಲಿ ಐಸೊಟೋಪುಗಳ ಪಾಠ ಬಂದಾಗ ಈ ಉದಾಹರಣೆ ಕೊಡಿ. ಆದರೆ ಗ್ರಾಫಿನ ಆ ರೇಖೆ ಒಂದು ಮಗುವಿನ ಕೊನೆಯ ವರ್ಷ ಎಂಬುದನ್ನೂ ತಪ್ಪದೆ ಹೇಳಿ.