ಗೆದ್ದವನಿಲ್ಲದ ಫೈನಲ್

1908ರ ಲಂಡನ್ ಒಲಿಂಪಿಕ್ಸ್‌ನ ಸೈಕ್ಲಿಂಗ್ ಫಲಿತಾಂಶಗಳಲ್ಲಿ ಒಂದು ಸಾಲು ಖಾಲಿ ಉಳಿದಿದೆ. ಸಾವಿರ ಮೀಟರ್ ಸ್ಪ್ರಿಂಟ್: ಚಿನ್ನ ಇಲ್ಲ, ಬೆಳ್ಳಿ ಇಲ್ಲ, ಕಂಚೂ ಇಲ್ಲ. ಫೈನಲ್ ನಡೆದಿತ್ತು, ಒಬ್ಬ ಎಲ್ಲರಿಗಿಂತ ಮೊದಲು ಗೆರೆ ದಾಟಿಯೂ ಇದ್ದ. ಆದರೂ ಆ ಸ್ಪರ್ಧೆಗೆ ವಿಜೇತನಿಲ್ಲ.

ಅಂದು ಜುಲೈ 16. ಹೊಸದಾಗಿ ಕಟ್ಟಿದ್ದ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಓಟದ ಟ್ರ್ಯಾಕಿನ ಹೊರಗೆ 660 ಗಜ, ಅಂದರೆ ಸುಮಾರು 603 ಮೀಟರ್ ಸುತ್ತಳತೆಯ ಸೈಕಲ್ ಟ್ರ್ಯಾಕ್ ಇತ್ತು. ಫೈನಲ್‌ಗೆ ಬಂದವರು ನಾಲ್ವರು. ವಿಕ್ಟರ್ ಜಾನ್ಸನ್, ಬೆಂಜಮಿನ್ ಜೋನ್ಸ್, ಕ್ಲಾರೆನ್ಸ್ ಕಿಂಗ್ಸ್‌ಬರಿ ಬ್ರಿಟನ್ನಿನವರು; ಮೊರೀಸ್ ಶಿಲ್ ಫ್ರಾನ್ಸಿನವನು. ಜೊತೆಗೆ ಒಂದು ನಿಯಮ: ಸ್ಪರ್ಧೆ 1 ನಿಮಿಷ 45 ಸೆಕೆಂಡಿನೊಳಗೆ ಮುಗಿಯಬೇಕು.

ವೇಗದ ಸ್ಪರ್ಧೆಗೆ ಇಂಥ ನಿಯಮ ಏಕೆ ಬೇಕು? ಎದುರುಗಾಳಿಯಲ್ಲಿ ಲಾರಿಯ ಹಿಂದೆ ಸೈಕಲ್ ತುಳಿದವರಿಗೆ ಉತ್ತರ ಗೊತ್ತು. ಮುಂದಿರುವವನು ಗಾಳಿಯನ್ನು ಸೀಳಬೇಕು. ಹಿಂದಿರುವವನು ಆ ಮರೆಯಲ್ಲಿ ದಣಿಯದೆ ಸಾಗಿ, ಕೊನೆಗೆ ನುಗ್ಗಬಹುದು. ಹಾಗಾಗಿ ಸ್ಪ್ರಿಂಟ್‌ನಲ್ಲಿ ಮೊದಲಿಗೆ ಯಾರಿಗೂ ಮುಂದೆ ಹೋಗುವ ಆಸೆಯಿಲ್ಲ. ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಾ, ನಡಿಗೆಯ ವೇಗದಲ್ಲಿ ತೆವಳುತ್ತಾರೆ. ನಿಜವಾದ ಓಟ ಕೊನೆಯ ಇನ್ನೂರು ಮೀಟರ್ ಮಾತ್ರ. ಬಲ್ಲವರಿಗೆ ಇದು ಚದುರಂಗ, ಟಿಕೆಟ್ ಕೊಂಡು ಬಂದ ಪ್ರೇಕ್ಷಕನಿಗೆ ಬೇಸರ. ಆ ಬೇಸರಕ್ಕೆ ಮದ್ದಾಗಿ ಬಂದದ್ದು ಕಾಲಮಿತಿ. ಅದನ್ನು ಪಾಲಿಸಲು ಗಂಟೆಗೆ ಸುಮಾರು 34 ಕಿಲೋಮೀಟರ್ ವೇಗ ಸಾಕಿತ್ತು. 660 ಗಜದ ಸ್ಪರ್ಧೆಯಲ್ಲಿ ಜಾನ್ಸನ್ 51.2 ಸೆಕೆಂಡಿನಲ್ಲಿ ಚಿನ್ನ ಗೆದ್ದದ್ದು 42 ಕಿಲೋಮೀಟರ್‌ಗೂ ಹೆಚ್ಚಿನ ವೇಗದಲ್ಲಿ. ಅಂದರೆ ಮಿತಿಯೊಳಗೆ ಮುಗಿಸುವ ಶಕ್ತಿ ಎಲ್ಲರಿಗೂ ಇತ್ತು. ಮೊದಲು ಮುಂದೆ ನುಗ್ಗಿ ಸೋಲುವ ಮನಸ್ಸು ಯಾರಿಗೂ ಇರಲಿಲ್ಲ.

ಫೈನಲ್‌ನಲ್ಲಿ ಜಾನ್ಸನ್ನನ ಟೈರು ಪಂಕ್ಚರ್ ಆಯಿತು, ಕಿಂಗ್ಸ್‌ಬರಿಯದೂ ಪಂಕ್ಚರ್ ಆಯಿತು. ಉಳಿದ ಇಬ್ಬರು ಹೊಂಚು ಹಾಕುತ್ತಲೇ ಸಾಗಿ ಕೊನೆಗೆ ನುಗ್ಗಿದರು. ಶಿಲ್ ಕೆಲವೇ ಅಂಗುಲಗಳ ಅಂತರದಲ್ಲಿ ಜೋನ್ಸ್‌ನನ್ನು ಹಿಂದೆ ಹಾಕಿದ. ಆದರೆ ಗಡಿಯಾರ ಮಿತಿ ದಾಟಿತ್ತು. ತೀರ್ಪುಗಾರರು ಸ್ಪರ್ಧೆಯನ್ನು ಅಸಿಂಧು ಎಂದರು. ಮರುಸ್ಪರ್ಧೆಯನ್ನೂ ನಡೆಸಲಿಲ್ಲ.

ಒಂದು ವಾರದ ನಂತರ ಅದೇ ಮೈದಾನದಲ್ಲಿ 400 ಮೀಟರ್ ಓಟದ ಫೈನಲ್ ರದ್ದಾಯಿತು. ಅಮೆರಿಕದ ಓಟಗಾರ ಬ್ರಿಟನ್ನಿನ ವಿಂಡಮ್ ಹಾಲ್ಸ್‌ವೆಲ್‌ಗೆ ಅಡ್ಡ ಬಂದನೆಂಬುದು ಕಾರಣ. ಅಲ್ಲಿ ಮಾತ್ರ ಮರುಓಟಕ್ಕೆ ಆದೇಶವಾಯಿತು. ಉಳಿದ ಅಮೆರಿಕನ್ನರು ಓಡಲು ಒಪ್ಪಲಿಲ್ಲ. ಹಾಲ್ಸ್‌ವೆಲ್ ಒಬ್ಬನೇ ಓಡಿ ಚಿನ್ನ ಪಡೆದ.

ಎರಡೂ ಕಡೆ ತೀರ್ಪುಗಾರರು ಆತಿಥೇಯ ದೇಶದವರೇ. ಸೈಕ್ಲಿಂಗ್‌ನಲ್ಲಂತೂ ಹಳೆಯ ಕಹಿಯೂ ಇತ್ತು. ವಿಶ್ವ ಚಾಂಪಿಯನ್‌ಷಿಪ್‌ಗೆ ಬ್ರಿಟನ್ ಒಂದೇ ತಂಡ ಕಳಿಸಬೇಕೋ ಹಲವು ತಂಡಗಳನ್ನೋ ಎಂಬ ಜಗಳದಿಂದಲೇ 1900ರಲ್ಲಿ ಪ್ಯಾರಿಸ್‌ನಲ್ಲಿ ಹೊಸ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹುಟ್ಟಿತ್ತು. ಬ್ರಿಟನ್ ಆರಂಭದಲ್ಲಿ ಅದರ ಹೊರಗಿತ್ತು. ಹಾಗೆಂದು ಇದನ್ನು ಪಕ್ಷಪಾತವೆಂದು ಷರಾ ಬರೆದು ಮುಗಿಸಲಾಗದು. ಈ ತೀರ್ಪಿನಿಂದ ಶಿಲ್ ಕಳೆದುಕೊಂಡದ್ದು ಚಿನ್ನವಾದರೆ, ಬೆಳ್ಳಿ ಕಳೆದುಕೊಂಡ ಜೋನ್ಸ್ ಬ್ರಿಟನ್ನಿನವನೇ. ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ತಪ್ಪಿದ್ದರೆ ಮರುಸ್ಪರ್ಧೆಯ ಅವಕಾಶ ಕೊಡದೆ ಇದ್ದುದರಲ್ಲಿದೆ: ಆಟ ಆಕರ್ಷಕವಾಗಲಿ ಎಂದು ಮಾಡಿದ ನಿಯಮ ಆಟವನ್ನೇ ಅಳಿಸಿಹಾಕಿತು.

ಶಿಲ್ ಬರಿಗೈಯಲ್ಲಿ ಮರಳಲಿಲ್ಲ. 5000 ಮೀಟರ್‌ನಲ್ಲಿ ಜೋನ್ಸ್‌ನ ಹಿಂದೆ ಬೆಳ್ಳಿ ಪಡೆದ. ಆಂದ್ರೆ ಓಫ್ರೆಯ ಜೊತೆಗೂಡಿ ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದ. 1912ರ ಸ್ಟಾಕ್‌ಹೋಮ್‌ನಲ್ಲಿ ಟ್ರ್ಯಾಕ್ ಸೈಕ್ಲಿಂಗ್ ಇರಲೇ ಇಲ್ಲ, ಆಮೇಲೆ ಮಹಾಯುದ್ಧ ಬಂತು. 1920ರಲ್ಲಿ ಆಂಟ್‌ವರ್ಪ್‌ನಲ್ಲಿ ಸ್ಪ್ರಿಂಟ್ ಮರಳಿದಾಗ ನೆದರ್ಲೆಂಡ್ಸ್‌ನ ಮೊರೀಸ್ ಪೀಟರ್ಸ್ ಚಿನ್ನ ಗೆದ್ದ. ಇಂದಿಗೂ ಸ್ಪ್ರಿಂಟ್ ಸವಾರರು ಮೊದಲ ಸುತ್ತಿನಲ್ಲಿ ತೆವಳುತ್ತಲೇ ಹೊಂಚು ಹಾಕುತ್ತಾರೆ. ಗೆದ್ದವರು ಯಾರೆಂದು ಹೇಳುವುದು ಮಾತ್ರ ಕೊನೆಯ ಗೆರೆ.