ಬಹುಮಸೂರ ಕ್ಯಾಮೆರಾ ಮತ್ತು ಆಕಸ್ಮಿಕ ತ್ರಿವಿಮ ಚಿತ್ರಗಳು

ಒಂದೇ ಪೆಟ್ಟಿಗೆಗೆ ಹಲವು ಮಸೂರಗಳನ್ನು ಕೂರಿಸಿ, ಒಂದೇ ಗಾಜಿನ ಫಲಕದ ಮೇಲೆ ಹಲವು ಚಿತ್ರಗಳನ್ನು ಮೂಡಿಸುವ ಸಾಧನವೇ ಬಹುಮಸೂರ ಕ್ಯಾಮೆರಾ. ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ಡೆರಿ 1854ರಲ್ಲಿ ಕಾರ್ತ್ ದ ವಿಸೀತ್ ಎಂಬ ಕಿರು ಭಾವಚಿತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಇದು ಸ್ಟುಡಿಯೊಗಳಿಗೆ ಹಬ್ಬಿತು. ನಾಲ್ಕು ಮಸೂರ, ಪಕ್ಕಕ್ಕೆ ಸರಿಯುವ ಫಲಕದ ಚೌಕಟ್ಟು. ಎರಡು ಸರದಿಯಲ್ಲಿ ಎಂಟು ಚಿತ್ರ. ಗುರಿ ಇದ್ದದ್ದು ಖರ್ಚು ತಗ್ಗಿಸುವುದರ ಮೇಲೆ. ಆದರೆ ಚಿತ್ರದ ಅಗಲ 5ರಿಂದ 6 ಸೆಂ.ಮೀ. ಇದ್ದುದರಿಂದ ಅಕ್ಕಪಕ್ಕದ ಮಸೂರಗಳ ಅಂತರವೂ ಹೆಚ್ಚುಕಡಿಮೆ ಅಷ್ಟೇ ಆಯಿತು. ಮನುಷ್ಯನ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6.3 ಸೆಂ.ಮೀ. ಹಾಗಾಗಿ ಅಕ್ಕಪಕ್ಕದ ಎರಡು ಮಸೂರಗಳನ್ನು ಒಟ್ಟಿಗೆ ತೆರೆದಾಗಲೆಲ್ಲ, ಇಂಗ್ಲಿಷ್ ವಿಜ್ಞಾನಿ ವೀಟ್‌ಸ್ಟನ್ 1838ರಲ್ಲಿ ವಿವರಿಸಿದ್ದ ಎಡಗಣ್ಣು-ಬಲಗಣ್ಣಿನ ಜೋಡಿನೋಟ ಯಾರೂ ಬಯಸದೆಯೇ ಫಲಕದ ಮೇಲೆ ದಾಖಲಾಯಿತು.

1851ರ ಲಂಡನ್ ಮಹಾಪ್ರದರ್ಶನದ ನಂತರ ಇಂಥ ಜೋಡಿನೋಟದ ಸ್ಟೀರಿಯೊ ಚಿತ್ರಗಳ ಹುಚ್ಚು ಎಲ್ಲೆಡೆ ಇತ್ತು, ಈ ಜೋಡಿಗಳೂ ಬೇಕೆಂದೇ ತೆಗೆದವಲ್ಲವೇ ಎಂದು ಕೇಳಬಹುದು. ಆದರೆ ಆ ಕೆಲಸಕ್ಕೆ ಎರಡು ಮಸೂರದ ಬೇರೆಯೇ ಕ್ಯಾಮೆರಾ ಇತ್ತು. ಕಾರ್ತ್ ಹಾಳೆಯನ್ನಾದರೋ ಕತ್ತರಿಸಿ, ಒಂದೊಂದು ಚಿತ್ರವನ್ನೂ ಪ್ರತ್ಯೇಕ ರಟ್ಟಿಗೆ ಅಂಟಿಸಿ ಹಂಚುತ್ತಿದ್ದರು. ಜೋಡಿ ಅಲ್ಲಿಗೇ ಮುರಿಯುತ್ತಿತ್ತು. ಕತ್ತರಿಸದೆ ಉಳಿದ ಹಾಳೆಯಲ್ಲೂ ಜೋಡಿ ಅದಲುಬದಲಾಗಿಯೇ ಇರುತ್ತದೆ. ಮಸೂರ ಚಿತ್ರವನ್ನು ತಲೆಕೆಳಗಾಗಿ ಮೂಡಿಸುವುದರಿಂದ, ಫಲಕವನ್ನು ನೆಟ್ಟಗೆ ತಿರುಗಿಸಿದಾಗ ಎಡ ಮಸೂರದ ಚಿತ್ರ ಬಲಕ್ಕೆ ಬರುತ್ತದೆ. ಅದನ್ನು ಹಾಗೆಯೇ ಜೋಡಿಚಿತ್ರ ನೋಡುವ ಸಾಧನವಾದ ಸ್ಟೀರಿಯೊಸ್ಕೋಪಿನಲ್ಲಿ ಇಟ್ಟರೆ ಹಿಂದಿನ ಪರದೆ ಮುಂದೆ ಬಂದಂತೆ ಕಾಣುತ್ತದೆ. ಸ್ಟೀರಿಯೊ ತಯಾರಕರು ಎರಡನ್ನೂ ಕತ್ತರಿಸಿ ಜಾಗ ಬದಲಿಸುತ್ತಿದ್ದರು. ಕಾರ್ತ್ ಸ್ಟುಡಿಯೊಗೆ ಆ ಉಸಾಬರಿಯೇ ಬೇಕಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಒಂದೇ ಭಂಗಿಯನ್ನು ಒಂದರ ಹಿಂದೊಂದು ತೆಗೆದಾಗ ಕುಳಿತವರು ತುಸು ಅಲುಗಿದರೂ ಚಿತ್ರಗಳಲ್ಲಿ ವ್ಯತ್ಯಾಸ ಬರುತ್ತದೆ, ಅದನ್ನೇ ಆಳವೆಂದು ಭ್ರಮಿಸಬಹುದು. ಮುಖ, ಕೈಗಳನ್ನು ನೋಡಿ ಇದನ್ನು ತೀರ್ಮಾನಿಸಲಾಗದು. ನೋಡಬೇಕಾದದ್ದು ಜಡವಸ್ತುಗಳನ್ನು: ಕುರ್ಚಿಯ ಬೆನ್ನು, ಮೋಟುಗಂಬ, ಹಿಂದಿನ ಪರದೆಯ ಮೇಲೆ ಬರೆದ ಕಿಟಕಿಯ ಅಂಚು. ಒಂದೇ ಮಸೂರದಿಂದ ಎರಡು ಬಾರಿ ತೆಗೆದಿದ್ದರೆ ಕುರ್ಚಿಗೂ ಕಿಟಕಿಗೂ ನಡುವಿನ ಅಂತರ ಎರಡರಲ್ಲೂ ಒಂದೇ. ಬೇರೆ ಬೇರೆ ಮಸೂರವಾದರೆ ಕುರ್ಚಿ ಪರದೆಯೆದುರು ಸರಿದಿರುತ್ತದೆ. ಸರಿದದ್ದು ಎಷ್ಟು? ಮಸೂರಗಳ ಅಂತರ 6 ಸೆಂ.ಮೀ., ನಾಭಿದೂರ 15 ಸೆಂ.ಮೀ., ಕುರ್ಚಿ 3 ಮೀಟರಿನಲ್ಲಿ, ಪರದೆ 4 ಮೀಟರಿನಲ್ಲಿ ಎಂದಿಟ್ಟುಕೊಂಡರೆ ಸುಮಾರು 0.75 ಮಿ.ಮೀ. ಬರಿಗಣ್ಣು ಇದನ್ನು ತಪ್ಪಿಸಿಕೊಳ್ಳಬಹುದು, ಭೂತಗನ್ನಡಿಗೆ ಸಿಕ್ಕೇ ಸಿಗುತ್ತದೆ. ಸ್ಟೀರಿಯೊಸ್ಕೋಪಿನಲ್ಲಿ ಕುರ್ಚಿ ಪರದೆಯಿಂದ ಎದ್ದು ಬರಲು ಇಷ್ಟು ಧಾರಾಳವಾಗಿ ಸಾಕು. ಆದರೆ ಈ ಪರೀಕ್ಷೆ ಮಸೂರಗಳು ಬೇರೆ ಎಂದಷ್ಟೇ ಹೇಳುತ್ತದೆ. ಅವು ಒಟ್ಟಿಗೆ ತೆರೆದಿದ್ದವು ಎನ್ನಬೇಕಾದರೆ ಬಟ್ಟೆಯ ಮಡಿಕೆ, ಬೆರಳುಗಳ ನಿಲುವು ಎರಡರಲ್ಲೂ ಹೊಂದಬೇಕು.

ಎಲ್ಲ ಹಾಳೆಗಳಿಗೂ ಇದು ಅನ್ವಯಿಸದು. ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ಬೇರೆ ಬೇರೆ ಭಂಗಿ ಹಿಡಿದ ಹಾಳೆಗಳಲ್ಲಿ ಜೋಡಿಯನ್ನು ಹುಡುಕುವುದು ವ್ಯರ್ಥ. ಮೇಲೆ-ಕೆಳಗಿನ ಮಸೂರಗಳ ಚಿತ್ರಗಳಲ್ಲಿ ವ್ಯತ್ಯಾಸವಿದ್ದರೂ ಅದು ಲಂಬದಿಕ್ಕಿನದು, ಅಡ್ಡಲಾಗಿ ಇರುವ ನಮ್ಮ ಕಣ್ಣುಗಳಿಗೆ ದಕ್ಕದು.

ಸಿನಿಮಾದಲ್ಲೂ ಇಂಥದೇ ಆಕಸ್ಮಿಕ ಜೋಡಿ ಮೂಡಿತು. ಅಮೆರಿಕದಲ್ಲಿ ತನ್ನ ಚಿತ್ರಗಳ ಕಳ್ಳಪ್ರತಿಗಳ ಕಾಟ ತಡೆಯಲಾರದೆ ಫ್ರೆಂಚ್ ಚಿತ್ರನಿರ್ಮಾಪಕ ಜಾರ್ಜ್ ಮೆಲಿಯೆ 1903ರ ಹೊತ್ತಿಗೆ ಅಕ್ಕಪಕ್ಕದ ಎರಡು ಮಸೂರಗಳಿಂದ ಎರಡು ನೆಗೆಟಿವ್ ತೆಗೆಯತೊಡಗಿದ, ಒಂದು ಫ್ರಾನ್ಸಿಗೆ, ಇನ್ನೊಂದು ಅಮೆರಿಕಕ್ಕೆ. ಒಂದು ಶತಮಾನದ ನಂತರ ಆತನ ‘ಲ ಶೋದ್ರೋಂ ಆಂಫೆರ್ನಾಲ್’ ಚಿತ್ರದ ಎರಡೂ ಪ್ರತಿಗಳನ್ನು ಸಂಗ್ರಾಹಕರು ಜೋಡಿಸಿದಾಗ ಅದು ತ್ರಿವಿಮ ಚಿತ್ರವಾಗಿ ತೆರೆಯ ಮೇಲೆ ಓಡಿತು.